ಹಾಡನ್ನು ಎಣಿಸುವವರು ಯಾರು?

ಜಿಮ್ ರೀವ್ಸ್ ಎಂಬ ಹೆಸರು ಕರಾವಳಿಯ ಕ್ರೈಸ್ತ ಬಂಧುಗಳಿಗೆ ಅಪರಿಚಿತವಾದುದಲ್ಲ. ಕ್ರಿಸ್ಮಸ್ ಸಮೀಪಿಸಿದೊಡನೆ ನಮ್ಮ ಹಲವು ಮನೆಗಳಲ್ಲಿ ಆ ಮೃದುವಾದ, ಗಂಭೀರವಾದ ಕಂಠ ಇಂದಿಗೂ ಕೇಳಿಬರುತ್ತದೆ. ಅಮೆರಿಕದ ಟೆಕ್ಸಾಸಿನಲ್ಲಿ ಜನಿಸಿದ ಈ ಗಾಯಕರು 1964ರ ಜುಲೈ 31ರಂದು ವಿಮಾನ ಅಪಘಾತದಲ್ಲಿ ಮಡಿದರು. ಆದರೆ ಅವರು ತೀರಿಕೊಂಡ ಬಳಿಕವೂ, 1967ರವರೆಗಿನ ಅವಧಿಯಲ್ಲಿ, ಅವರ ಆರು ಹಾಡುಗಳು ಅಲ್ಲಿನ ಕಂಟ್ರಿ ಸಂಗೀತದ ಜನಪ್ರಿಯತೆಯ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿದವು.

ಮಡಿದ ಗಾಯಕರನ್ನು ಇಷ್ಟು ಪ್ರೀತಿಯಿಂದ ನೆನಪಿಟ್ಟುಕೊಂಡ ಅದೇ ಪಟ್ಟಿಯು ಬದುಕಿದ್ದ ಕೆಲವರನ್ನು ಬಹುಕಾಲ ಬಾಗಿಲ ಹೊರಗೆ ನಿಲ್ಲಿಸಿತ್ತು. ಆ ಕಥೆಯನ್ನು ನಾವು ಅರಿಯಬೇಕಾಗಿದೆ.

ಕಂಟ್ರಿ ಸಂಗೀತವು ಅಮೆರಿಕದ ದಕ್ಷಿಣ ಭಾಗದ ಬಡ ರೈತರ, ಕೂಲಿಕಾರರ, ಗಣಿ ಕಾರ್ಮಿಕರ ನಡುವೆ ಬೆಳೆದ ಸಂಗೀತ. ಅದರ ಪಿಟೀಲು ಯೂರೋಪಿನಿಂದ ವಲಸೆ ಬಂದವರೊಡನೆ ಬಂದಿತು. ಅದರ ಬ್ಯಾಂಜೋ ವಾದ್ಯದ ಮೂಲವಾದರೋ ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರದು. ಹುಟ್ಟಿನಿಂದಲೇ ಅದು ಎರಡು ಜನಾಂಗಗಳ ಕೂಡುಸ್ವತ್ತು.

'ಬಿಲ್‌ಬೋರ್ಡ್' ಪತ್ರಿಕೆಯು 1944ರ ಜನವರಿ 8ರಂದು ಈ ಹಾಡುಗಳ ಪ್ರಥಮ ಪಟ್ಟಿಯನ್ನು ಪ್ರಕಟಿಸಿತು. ಆಗ ಎಣಿಕೆಗೆ ಆಧಾರವಾದುದು ಹೋಟೆಲುಗಳಲ್ಲಿದ್ದ ಜೂಕ್‌ಬಾಕ್ಸ್ ಯಂತ್ರ. ನಾಣ್ಯ ಹಾಕಿದವರು ಮೆಚ್ಚಿದ ಹಾಡು ಕೇಳುತ್ತಿದ್ದರು. ಯಾವ ಹಾಡು ಹೆಚ್ಚು ಬಾರಿ ನುಡಿಯಿತೋ ಅದು ಮೇಲೇರುತ್ತಿತ್ತು. ಅದೇ ವರ್ಷ ಕಪ್ಪು ಜನಾಂಗದ ಲೂಯಿ ಜೋರ್ಡನ್ ಮತ್ತು ನ್ಯಾಟ್ ಕಿಂಗ್ ಕೋಲ್ ಅವರ ತಂಡಗಳ ಹಾಡುಗಳು ಈ ಪಟ್ಟಿಯ ತುದಿಯನ್ನು ಮುಟ್ಟಿದವು. ಹಾಕಿದ ನಾಣ್ಯಕ್ಕೆ ಹಾಡಿದವರ ಮೈಬಣ್ಣ ತಿಳಿದಿರಲಿಲ್ಲ.

ಮುಂದೆ ಅಂಗಡಿಗಳ ಮಾರಾಟ, ರೇಡಿಯೋ ಪ್ರಸಾರ ಇವುಗಳೂ ಲೆಕ್ಕಕ್ಕೆ ಬಂದವು. 1958ರ ಅಕ್ಟೋಬರಿನಲ್ಲಿ ಎಲ್ಲವೂ ಒಂದೇ ಪಟ್ಟಿಯಾಗಿ ಕೂಡಿಕೊಂಡವು. ಆದರೆ 1944ರ ಬಳಿಕ ಕಾಲು ಶತಮಾನ ಕಾಲ ಕಪ್ಪು ಜನಾಂಗದ ಒಬ್ಬರೂ ಆ ಪ್ರಥಮ ಸ್ಥಾನವನ್ನು ಕಾಣಲಿಲ್ಲ.

ಹಾಡುವವರಿಲ್ಲದೆ ಹೀಗಾಯಿತೇ? ಖಂಡಿತ ಇಲ್ಲ. 1962ರಲ್ಲಿ ಅಂಧ ಗಾಯಕ ರೇ ಚಾರ್ಲ್ಸ್ ಕಂಟ್ರಿ ಹಾಡುಗಳದೇ ಒಂದು ಆಲ್ಬಮ್ ಹೊರತಂದರು. ಅದರಲ್ಲಿನ 'ಐ ಕಾಂಟ್ ಸ್ಟಾಪ್ ಲವಿಂಗ್ ಯೂ', ಡಾನ್ ಗಿಬ್ಸನ್ ರಚಿಸಿದ ಅಪ್ಪಟ ಕಂಟ್ರಿ ಹಾಡು, ಎಲ್ಲ ಬಗೆಯ ಹಾಡುಗಳ ಸಾಮಾನ್ಯ ಪಟ್ಟಿಯಲ್ಲಿ ಐದು ವಾರ ಪ್ರಥಮ ಸ್ಥಾನದಲ್ಲಿತ್ತು. ಕಂಟ್ರಿ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಕಡೆಯ ಸ್ಥಾನವೂ ದೊರೆಯಲಿಲ್ಲ. ಅವರು ಆ ಪಟ್ಟಿಯ ತುದಿ ಕಂಡದ್ದು 1985ರಲ್ಲಿ, ವಿಲ್ಲಿ ನೆಲ್ಸನ್ ಅವರೊಡನೆ ಹಾಡಿದ ಯುಗಳ ಗೀತೆಯಿಂದ.

ಸ್ತ್ರೀಯರ ಹಾದಿಯೂ ಸುಗಮವಾಗಿರಲಿಲ್ಲ. ಗಂಡಸರು ಹೆಣ್ಣನ್ನೇ ದೂರುವ ಹಾಡಿಗೆ ಉತ್ತರವಾಗಿ 1952ರಲ್ಲಿ ಕಿಟ್ಟಿ ವೆಲ್ಸ್ ಒಂದು ಹಾಡನ್ನು ಹಾಡಿದರು. ಎನ್‌ಬಿಸಿ ರೇಡಿಯೋ ಜಾಲ ಅದನ್ನು ನಿರ್ಬಂಧಿಸಿತು. ಆದರೂ ಜನರು ಅದನ್ನು ಆರು ವಾರ ಪ್ರಥಮ ಸ್ಥಾನದಲ್ಲಿ ಕೂರಿಸಿದರು. ಒಂಟಿಯಾಗಿ ಹಾಡಿ ಆ ಸ್ಥಾನ ಪಡೆದ ಮೊದಲ ಮಹಿಳೆ ಅವರು.

ಇನ್ನು ಚಾರ್ಲಿ ಪ್ರೈಡ್. ಮಿಸಿಸಿಪ್ಪಿಯ ಸ್ಲೆಡ್ಜ್ ಎಂಬ ಊರಿನ ಗೇಣಿ ಕೃಷಿಕರ ಮಗ. ಅವರ ಮೊದಲ ಧ್ವನಿಮುದ್ರಿಕೆಗಳನ್ನು ಕಂಪನಿಯು ರೇಡಿಯೋ ನಿಲಯಗಳಿಗೆ ಕಳುಹಿಸುವಾಗ ಭಾವಚಿತ್ರವನ್ನು ಸೇರಿಸಲಿಲ್ಲ. ಕೇಳುಗರು ಮೊದಲು ಕಂಠವನ್ನು ಮೆಚ್ಚಿದರು, ಆಮೇಲೆ ಮುಖವನ್ನು ಕಂಡರು. 1969ರಲ್ಲಿ ಅವರ ಹಾಡು ಪಟ್ಟಿಯ ತುದಿಗೇರಿತು; ಮುಂದಿನ ವರ್ಷಗಳಲ್ಲಿ ಅಂಥ ಹಾಡುಗಳ ಸಂಖ್ಯೆ 29ಕ್ಕೆ ಮುಟ್ಟಿತು. 2020ರ ಡಿಸೆಂಬರ್ 12ರಂದು ಕೋವಿಡ್ ಅವರನ್ನು ಕರೆದೊಯ್ದಿತು.

ಕಾಲ ಬದಲಾಯಿತು, ಅಳತೆಗೋಲೂ ಬದಲಾಯಿತು. 1990ರಲ್ಲಿ ಯಂತ್ರಗಳೇ ರೇಡಿಯೋ ಪ್ರಸಾರವನ್ನು ಆಲಿಸಿ ಎಣಿಸತೊಡಗಿದವು. 2012ರಲ್ಲಿ ಅಂತರ್ಜಾಲದ ಖರೀದಿ ಮತ್ತು ಆಲಿಸುವಿಕೆ ಮುಖ್ಯ ಪಟ್ಟಿಗೆ ಸೇರಿದವು. ರೇಡಿಯೋಗೆ ಪ್ರತ್ಯೇಕ ಪಟ್ಟಿಯಾಯಿತು. ಆದರೂ 2019ರಲ್ಲಿ ಲಿಲ್ ನ್ಯಾಸ್ ಎಕ್ಸ್ ಎಂಬ ತರುಣನ 'ಓಲ್ಡ್ ಟೌನ್ ರೋಡ್' ಹಾಡನ್ನು, ಅದರಲ್ಲಿ ಕಂಟ್ರಿಯ ಅಂಶ ಸಾಲದೆಂದು, ಪಟ್ಟಿಯಿಂದ ತೆಗೆದುಹಾಕಲಾಯಿತು. ಅದು ಸಾಮಾನ್ಯ ಪಟ್ಟಿಯಲ್ಲಿ 19 ವಾರ ಪ್ರಥಮ ಸ್ಥಾನದಲ್ಲಿ ನಿಂತಿತು. 2024ರಲ್ಲಿ ಬಿಯಾನ್ಸೆಯವರು ಕಂಟ್ರಿಯ ಮುಖ್ಯ ಪಟ್ಟಿಯಲ್ಲಿ ಪ್ರಥಮ ಸ್ಥಾನ ಪಡೆದ ಮೊದಲ ಕಪ್ಪು ಮಹಿಳೆಯಾದರು. ಅದೇ ಹಾಡು ರೇಡಿಯೋ ಪಟ್ಟಿಯ ಮೊದಲ ಮೂವತ್ತರೊಳಗೂ ಬರಲಿಲ್ಲ.

ಒಂದೇ ಹಾಡು, ಒಂದೇ ಕಾಲ, ಎರಡು ಎಣಿಕೆ. ಇದರಿಂದ ನಾವು ತಿಳಿಯಬೇಕಾದುದೇನು? ಅಂಕಿಗಳು ಸುಳ್ಳಾಡದಿರಬಹುದು. ಆದರೆ ಯಾವುದನ್ನು ಎಣಿಸಬೇಕು, ಯಾರನ್ನು ಸಾಲಿಗೆ ಸೇರಿಸಬೇಕು ಎಂಬುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ. ಆ ತೀರ್ಮಾನದಲ್ಲಿ ಮನುಷ್ಯರ ಉದಾರತೆಯೂ ಇದೆ, ಸಣ್ಣತನವೂ ಇದೆ.

ಇನ್ನು ಮುಂದೆ ಯಾವುದೇ ಪಟ್ಟಿ ನಮ್ಮ ಕೈಗೆ ಬಂದಾಗ ಮೊದಲ ಹೆಸರನ್ನು ಓದಿ ಸಂತೋಷಪಡೋಣ. ಜೊತೆಗೆ, ಬಾಗಿಲ ಹೊರಗೆ ನಿಂತು ಹಾಡುತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಕಿವಿಗೊಟ್ಟು ಕೇಳೋಣ.