ಮೂರು ದಿನದ ಮದರಾಸು

ರಜೆ ಮೂರು ದಿನ. ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರು! ಬೆಂಗಳೂರಿನಿಂದ ಮೋಟಾರಿನಲ್ಲಿ ಮದರಾಸಿಗೆ ಹೊರಡುವ ಸಂಸಾರಗಳಲ್ಲಿ ಹಿಂದಿನ ರಾತ್ರಿಯೇ ವಾಗ್ವಾದ ಮೊದಲಾಗುತ್ತದೆ. ಮಕ್ಕಳಿಗೆ ಕಡಲು ಬೇಕು. ಮನೆಯಾಕೆಗೆ ಮೈಲಾಪುರದ ಗುಡಿಯೂ ತ್ಯಾಗರಾಯನಗರದ ಸೀರೆಯಂಗಡಿಯೂ ಬೇಕು. ಯಜಮಾನರಿಗೆ ಕೋಟೆ ಬೇಕು. ಮೂಲೆಯಲ್ಲಿ ಕುಳಿತ ಅಜ್ಜನವರಿಗೆ ಏನು ಬೇಕೆಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೇಳಿದರೆ, ಆ ಊರಿನ ಅತ್ಯಂತ ಸ್ವಾರಸ್ಯಕರವಾದ ಭಾಗ ಅವರ ಬಾಯಿಂದಲೇ ಹೊರಬಿದ್ದೀತು.

1996ರಲ್ಲಿ ಅಧಿಕೃತವಾಗಿ ಚೆನ್ನೈ ಎಂಬ ಹೆಸರು ಪಡೆದ ಈ ಮಹಾನಗರವು ಕನ್ನಡಿಗರ ಪಾಲಿಗೆ ಕೇವಲ ಪರಸ್ಥಳವಲ್ಲ. ಬಳ್ಳಾರಿ 1953ರವರೆಗೂ, ಮಂಗಳೂರು ಉಡುಪಿಗಳ ಸೀಮೆ 1956ರವರೆಗೂ ಮದರಾಸಿನ ಆಡಳಿತಕ್ಕೇ ಸೇರಿದ್ದವು. ಹೈಕೋರ್ಟಿನ ಖಟ್ಲೆಗೆ, ಮೇಲಿನ ಓದಿಗೆ ಆ ಕಡೆಯ ಹಿರಿಯರು ಮದರಾಸಿನ ರೈಲನ್ನೇ ಹತ್ತುತ್ತಿದ್ದರು. ಪ್ರವಾಸದ ಪಟ್ಟಿಯನ್ನು ಈ ಎಳೆ ಹಿಡಿದು ಸಿದ್ಧಪಡಿಸಿದರೆ ಮೂರು ದಿನ ಸಾಲದೆಂಬ ಕೊರಗು ಅರ್ಧ ಕಡಿಮೆಯಾಗುತ್ತದೆ.

ಇಳಿಯುವ ದಾರಿ

ಹೊಸೂರು, ಕೃಷ್ಣಗಿರಿ, ವೆಲ್ಲೂರುಗಳ ಮೂಲಕ ಹಾದುಹೋಗುವ ಹೆದ್ದಾರಿ ಸುಮಾರು 350 ಕಿಲೋಮೀಟರ್. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆ ಕರಾವಳಿಗೆ ಮಳೆಗಾಲವಾದ್ದರಿಂದ ಜನವರಿ, ಫೆಬ್ರವರಿಗಳೇ ಪ್ರಶಸ್ತ. ನಸುಕಿನ ಐದು ಗಂಟೆಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಊರು ಸೇರಬಹುದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಆ ಎತ್ತರವನ್ನೆಲ್ಲ ಒಂದು ಬೆಳಗಿನಲ್ಲಿ ಇಳಿಯಬೇಕು. ಕೃಷ್ಣಗಿರಿ ದಾಟುವಷ್ಟರಲ್ಲಿ ತಂಪುಗಾಳಿ ಹಿಂದೆ ಉಳಿಯುತ್ತದೆ. ಮಕ್ಕಳ ಸ್ವೆಟರುಗಳು ಒಂದೊಂದಾಗಿ ಕಳಚುತ್ತವೆ.

ವಾಣಿಯಂಬಾಡಿ, ಆಂಬೂರುಗಳ ಬಳಿ ದಾರಿಗೆ ಜೊತೆಯಾಗುವ ಅಗಲವಾದ ಮರಳಿನ ಹಾಸೇ ಪಾಲಾರ್ ನದಿ. ವರ್ಷದ ಹೆಚ್ಚು ದಿನ ಅದರಲ್ಲಿ ನೀರು ಕಾಣುವುದು ದುರ್ಲಭ. ನಂದಿಬೆಟ್ಟಗಳ ಸೀಮೆಯಲ್ಲಿ ಹುಟ್ಟಿದ ಈ ನದಿ ಕೋಲಾರದ ಬಯಲನ್ನು ಹಾದು, ಚೆನ್ನೈಗೆ ದಕ್ಷಿಣದಲ್ಲಿ ಕಡಲು ಸೇರುತ್ತದೆ. ಪ್ರಯಾಣಿಕರಂತೆ ಅದೂ ಮೇಲುನಾಡಿನಿಂದ ಇಳಿದು ಬಂದದ್ದೇ.

ವೆಲ್ಲೂರಿನಲ್ಲಿ ಒಂದು ಗಂಟೆ ನಿಲ್ಲದೆ ಮುಂದೆ ಹೋಗಬಾರದು. ವಿಜಯನಗರದ ಕಾಲದ ಆ ಕಲ್ಲುಕೋಟೆಯೊಳಗೆ ಜಲಕಂಠೇಶ್ವರನ ಗುಡಿಯಿದೆ; ಸುತ್ತಲೂ ನೀರು ತುಂಬಿದ ಕಂದಕವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಕಾವಲಿನಲ್ಲಿಟ್ಟದ್ದು ಇಲ್ಲಿಯೇ. 1806ರ ಜುಲೈ 10ರಂದು ಸಿಪಾಯಿಗಳು ದಂಗೆಯೆದ್ದದ್ದೂ ಇಲ್ಲಿಯೇ. 1857ರ ಮಹಾದಂಗೆಗೆ ಆಗ ಇನ್ನೂ ಅರ್ಧ ಶತಮಾನವಿತ್ತು. ಮುಂದೆ ಸಿಗುವ ಶ್ರೀಪೆರುಂಬೂದೂರು, ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರ ಹುಟ್ಟೂರು.

ಮರಳಿನ ಕಥೆ

ಮೊದಲ ದಿನದ ಸಂಜೆ ಕಡಲಿಗೇ ಮೀಸಲು. ಕೋಟೆಯ ಬಳಿಯಿಂದ ದಕ್ಷಿಣಕ್ಕೆ ಸುಮಾರು ಆರು ಕಿಲೋಮೀಟರ್ ಚಾಚಿಕೊಂಡಿರುವ ಮರೀನಾ ದಂಡೆಗೆ ಆ ಹೆಸರಿಟ್ಟವನು 1884ರಲ್ಲಿ ಗವರ್ನರನಾಗಿದ್ದ ಗ್ರಾಂಟ್ ಡಫ್. ರಸ್ತೆಯಿಂದ ನೀರಿನವರೆಗೆ ನಡೆಯುವಷ್ಟರಲ್ಲಿ ಕಾಲು ಸೋಲುತ್ತದೆ. ಇಷ್ಟು ಮರಳು ಎಲ್ಲಿಂದ ಬಂತು?

ಮದರಾಸಿಗೆ ಸಹಜವಾದ ಬಂದರಿರಲಿಲ್ಲ. ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು; ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದ ದೋಣಿಗಳಲ್ಲಿ ಜನರೂ ಸರಕೂ ತೆರೆಗಳನ್ನು ದಾಟಿ ಬರಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಡಲೊಳಗೆ ಅಡ್ಡಗೋಡೆಗಳನ್ನು ಚಾಚಿ ಬಂದರನ್ನು ಕಟ್ಟಿದರು. ಈ ಕರಾವಳಿಯುದ್ದಕ್ಕೂ ಮರಳು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತಿರುತ್ತದೆ. ಗೋಡೆ ಅದನ್ನು ತಡೆಯಿತು. ದಕ್ಷಿಣದಲ್ಲಿ ಮರಳು ಶೇಖರವಾಗಿ ಮರೀನಾ ಅಗಲವಾಯಿತು. ಉತ್ತರದ ರಾಯಪುರಂ ಕಡೆ ಕಡಲು ನೆಲವನ್ನೇ ಕೊರೆಯತೊಡಗಿತು. ಒಂದು ಊರಿನ ಅಂದಕ್ಕೆ ಅದರ ಇನ್ನೊಂದು ಮಗ್ಗುಲು ಬೆಲೆ ತೆರಬೇಕಾಯಿತು.

ದಂಡೆಯೆದುರಿನ ಕಟ್ಟಡವೊಂದು ಮಕ್ಕಳಿಗೆ ಪ್ರಿಯವಾದೀತು. ಅಮೆರಿಕದಿಂದ ಹಡಗಿನಲ್ಲಿ ತರಿಸಿದ ಮಂಜುಗಡ್ಡೆಯನ್ನು ಕೂಡಿಡಲು 1842ರಲ್ಲಿ ಕಟ್ಟಿದ ಮನೆಯದು. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ಒಂಬತ್ತು ದಿನ ತಂಗಿದ್ದರು. ಈಗ ಅದು ಅವರ ಹೆಸರಿನಲ್ಲಿದೆ. ಆದರೆ ಈ ಕಡಲು ನೋಡುವುದಕ್ಕೇ ಹೊರತು ಈಜುವುದಕ್ಕಲ್ಲ. ಒಳಸೆಳೆತ ಬಲವಾದದ್ದು, ಮಕ್ಕಳ ಕೈಯನ್ನು ಹಿಡಿದಿರುವುದು ಕ್ಷೇಮ. 2004ರ ಡಿಸೆಂಬರ್ 26ರ ಸುನಾಮಿಯನ್ನು ಇಲ್ಲಿಯವರು ಮರೆತಿಲ್ಲ.

ಕೋಟೆಯಿಂದ ಗುಡಿಗೆ

ಎರಡನೆಯ ದಿನ ಕಾರನ್ನು ತಂಗಿದಲ್ಲಿಯೇ ಬಿಡುವುದು ಜಾಣತನ. 2015ರಲ್ಲಿ ಆರಂಭವಾದ ಮೆಟ್ರೋ ರೈಲು, ಆಟೋ ಮತ್ತು ಸ್ವಂತ ಕಾಲುಗಳು ಸಾಕು. ಈ ನಗರದ ಬೀಜ ಬಿದ್ದದ್ದು 1639ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ ಎಂಬವನು ಒಂದು ತುಂಡು ಮರಳು ನೆಲವನ್ನು ಪಡೆದಾಗ. ಕೊಟ್ಟವನು ದಾಮರ್ಲ ವೆಂಕಟಾದ್ರಿ ನಾಯಕ. ಅವನ ಒಡೆಯರು ಚಂದ್ರಗಿರಿಯಲ್ಲಿದ್ದ ವಿಜಯನಗರದ ಕೊನೆಯ ಅರಸರು. ನಾಯಕನ ತಂದೆ ಚೆನ್ನಪ್ಪನಿಂದ ಚೆನ್ನಪಟ್ಟಣವೆಂಬ ಹೆಸರು ಬಂದಿತೆಂಬುದು ಪ್ರಚಲಿತವಾದ ವಿವರಣೆ.

ಆ ನೆಲದ ಮೇಲೆ ಎದ್ದ ಸೇಂಟ್ ಜಾರ್ಜ್ ಕೋಟೆಯೊಳಗೆ ಇಂದು ತಮಿಳುನಾಡಿನ ಸಚಿವಾಲಯವಿದೆ. 1680ರ ಸೇಂಟ್ ಮೇರಿ ಇಗರ್ಜಿಯೂ ಅಲ್ಲಿದೆ. ರಾಬರ್ಟ್ ಕ್ಲೈವನ ಮದುವೆ 1753ರಲ್ಲಿ ನಡೆದದ್ದು ಅದರಲ್ಲಿ. ಮಧ್ಯಾಹ್ನ ಎಗ್ಮೋರಿನ ವಸ್ತುಸಂಗ್ರಹಾಲಯದಲ್ಲಿ ಅಮರಾವತಿಯ ಶಿಲ್ಪಗಳನ್ನೂ ಚೋಳರ ಕಾಲದ ಕಂಚಿನ ನಟರಾಜನನ್ನೂ ನೋಡಬೇಕು. ಶುಕ್ರವಾರ ಮಾತ್ರ ಅದಕ್ಕೆ ರಜೆ.

ಸಂಜೆ ಮೈಲಾಪುರ. ಕಪಾಲೀಶ್ವರನ ಗುಡಿ ಮಧ್ಯಾಹ್ನ ಬಾಗಿಲು ಹಾಕಿರುವುದರಿಂದ ನಾಲ್ಕರ ಮೇಲೆಯೇ ಹೋಗಬೇಕು. ಗೋಪುರ, ಕಲ್ಯಾಣಿ, ಗುಡಿಯ ಸುತ್ತಲ ಬೀದಿಗಳ ಹೂವಿನ ಅಂಗಡಿಗಳು, ಹುರಿದ ಕಾಫಿಬೀಜದ ಪರಿಮಳ: ಇವುಗಳ ನಡುವೆ ಅವಸರ ತಾನಾಗಿ ಕರಗುತ್ತದೆ.

ಮರೆತ ಬಂಧುತ್ವ

ಮೂರನೆಯ ದಿನದ ಬೆಳಗು ಅಜ್ಜನವರದು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅದಕ್ಕೆ ಮುಂಚೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರೂ 1857ರ ಮದರಾಸು ವಿಶ್ವವಿದ್ಯಾನಿಲಯದ ಪದವೀಧರರೇ, 1881ರಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರೂ ಹಾಗೆಯೇ. ಕೋಡಂಬಾಕ್ಕಮ್ಮಿನ ಸುತ್ತಮುತ್ತ ದಶಕಗಳ ಕಾಲ ಕನ್ನಡ ಚಿತ್ರಗಳು ತಯಾರಾದವು. ರಾಜಕುಮಾರ್ ಅವರನ್ನು ನಾಯಕನನ್ನಾಗಿ ಮಾಡಿದ 1954ರ ‘ಬೇಡರ ಕಣ್ಣಪ್ಪ’ಕ್ಕೂ ಮದರಾಸಿನ ಎ.ವಿ.ಎಂ. ಸಂಸ್ಥೆಯ ಸಹಯೋಗವಿತ್ತು. ಅಲ್ಲಿ ಹಲವು ಸ್ಟುಡಿಯೋಗಳಿದ್ದ ಜಾಗದಲ್ಲಿ ಇಂದು ವಸತಿಗಳೂ ಆಸ್ಪತ್ರೆಗಳೂ ಮಳಿಗೆಗಳೂ ಇವೆ.

ಉಡುಪಿ ಸೀಮೆಯಿಂದ ಬಂದ ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದು ಮದರಾಸಿಗೆ ದೋಸೆ ಬಡಿಸಿದರು. ಕಾರಿನಲ್ಲಿ ಕುಳಿತೇ ತಿಂಡಿ ತಿನ್ನಬಹುದಾಗಿದ್ದ ಅವರ ಇನ್ನೊಂದು ಹೋಟೆಲು 1962ರಿಂದ 2008ರವರೆಗೆ ನಡೆಯಿತು. ಆ ಜಾಗ ಈಗ ಸಾರ್ವಜನಿಕ ಉದ್ಯಾನ. ಇಂಥ ಸ್ಥಳಗಳಿಗೆ ಫಲಕವಿರುವುದಿಲ್ಲ. ಕಂಡವರು ಹೇಳಬೇಕು, ಕಿರಿಯರು ಕೇಳಬೇಕು. ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ನಲವತ್ತು ಮೈಲಿ

ಹಿಂದಿರುಗುವ ಮುನ್ನ ವಿಮಾನ ನಿಲ್ದಾಣದ ಹತ್ತಿರದ ಸೇಂಟ್ ಥಾಮಸ್ ಗುಡ್ಡವನ್ನು ಹತ್ತಬೇಕು. ಎತ್ತರ ಮುನ್ನೂರು ಅಡಿ. ಮೇಲಿನಿಂದ ಊರೆಲ್ಲ ಕಾಣುತ್ತದೆ. 1802ರ ಏಪ್ರಿಲಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಈ ಗುಡ್ಡದ ಬಳಿ ನೂರಡಿಯ ಉಕ್ಕಿನ ಸರಪಳಿಯನ್ನು ನೆಲಕ್ಕೆ ಹಾಸಿ ಅಳತೆ ಆರಂಭಿಸಿದನು. ಏಳೂವರೆ ಮೈಲಿಯ ಆ ಒಂದು ಗೆರೆಯಿಂದ ತ್ರಿಕೋನಗಳನ್ನು ಹೆಣೆಯುತ್ತ ಬೆಂಗಳೂರನ್ನು ಹಾದು ಮಂಗಳೂರಿನ ಕಡಲವರೆಗೆ ನಾಡನ್ನು ಅಳೆದನು. ಎರಡು ಕಡಲುಗಳ ನಡುವೆ ನಾನೂರು ಮೈಲಿಯೆಂದು ಹಳೆಯ ನಕ್ಷೆಗಳು ಹೇಳುತ್ತಿದ್ದವು. ಅವನಿಗೆ ಸಿಕ್ಕಿದ್ದು ಸುಮಾರು ಮುನ್ನೂರ ಅರುವತ್ತು.

ಇಪ್ಪತ್ತೆರಡರಲ್ಲಿ ಹತ್ತು ಸ್ಥಳಗಳನ್ನು ಕಾಣುವುದೂ ಸಂದೇಹವೇ. ಆದರೆ ಹಿಂದಿನ ಆಸನದಲ್ಲಿ ಅಜ್ಜನವರು ಹಳೆಯ ಮದರಾಸಿನ ಕಥೆ ಹೇಳುತ್ತ, ಮೊಮ್ಮಕ್ಕಳು ‘ಆಮೇಲೆ?’ ಎನ್ನುತ್ತ ಘಟ್ಟವೇರಿದರೆ ಪ್ರವಾಸ ಸಾರ್ಥಕವಾದಂತೆಯೇ. ಅಂಥ ಮನೆಗೆ ಮದರಾಸು ನಕ್ಷೆಯಲ್ಲಿ ತೋರುವುದಕ್ಕಿಂತ ಹತ್ತಿರ.