ಸಮರಭೂಮಿಯ ನಕ್ಷೆಗಳನ್ನು ರಚಿಸಿದ ಸ್ತ್ರೀಯರು: ತಪ್ಪು ಕಲ್ಪನೆ ಮತ್ತು ಸತ್ಯ

ಯುದ್ಧಕಾಲದಲ್ಲಿ ಸ್ತ್ರೀಯರು ಮಾಡಿದ ಕಾರ್ಯವನ್ನು ಕುರಿತು ಮಾತು ಬಂದಾಗ ನಮ್ಮ ಸ್ಮರಣೆಗೆ ಮೊದಲು ಬರುವವರು ಗಾಯಾಳುಗಳ ಶುಶ್ರೂಷೆ ಮಾಡಿದ ದಾದಿಯರು, ಅನಂತರ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದವರು. ಸೇನೆಗೆ ನಕ್ಷೆಗಳನ್ನು ಸಿದ್ಧಪಡಿಸಿಕೊಟ್ಟವರ ಪ್ರಸ್ತಾಪ ಬರುವುದೇ ಅಪರೂಪ, ಬಂದರೂ ಗಂಡಸರು ಅಳೆದು ತಂದುದನ್ನು ಅವರು ಅಂದವಾಗಿ ಪ್ರತಿ ಎತ್ತಿದರು, ಬಣ್ಣ ತುಂಬಿದರು ಎಂಬಲ್ಲಿಗೆ ವೃತ್ತಾಂತ ಮುಗಿದುಹೋಗುತ್ತದೆ. ಈ ನಂಬಿಕೆ ಬಹು ಪ್ರಚುರವಾದುದು. ಅಷ್ಟೇ ಅನ್ಯಾಯವಾದುದೂ ಹೌದು.

ಇದರ ಬುಡದಲ್ಲಿ ಮತ್ತೊಂದು ತಪ್ಪು ಕಲ್ಪನೆ ಅಡಗಿದೆ. ಯುದ್ಧಕ್ಕೆ ಬೇಕಾದ ನಕ್ಷೆಗಳೆಲ್ಲ ಮೊದಲೇ ಸಿದ್ಧವಾಗಿರುತ್ತವೆ, ಅಚ್ಚು ಹಾಕಿ ಹಂಚುವುದಷ್ಟೇ ಉಳಿದ ಕೆಲಸ ಎಂದು ಜನ ಭಾವಿಸುತ್ತಾರೆ. ಎರಡನೆಯ ಮಹಾಯುದ್ಧದ ಸ್ಥಿತಿ ಹಾಗಿರಲಿಲ್ಲ. ಫ್ರಾನ್ಸಿನಂತಹ ಮುಂದುವರಿದ ದೇಶದಲ್ಲಿಯೂ ಬಹುಭಾಗಕ್ಕೆ ದೊರೆಯುತ್ತಿದ್ದುದು 1:80,000 ಪ್ರಮಾಣದ, ಹತ್ತೊಂಬತ್ತನೆಯ ಶತಮಾನದ ಭೂಮಾಪನವನ್ನು ಆಧರಿಸಿದ ನಕ್ಷೆ. ಅದರಲ್ಲಿ ಬೆಟ್ಟಗುಡ್ಡಗಳ ಏರಿಳಿತವನ್ನು ಒತ್ತೊತ್ತಾದ ಸಣ್ಣ ಗೀಟುಗಳಿಂದ ಸೂಚಿಸಿದ್ದರೇ ಹೊರತು, ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಸಮೋನ್ನತ ರೇಖೆಗಳನ್ನು ಎಳೆದಿರಲಿಲ್ಲ. ದಿಬ್ಬದ ಆಚೆ ಕಣ್ಣಿಗೆ ಬೀಳದಿರುವ ಗುರಿಗೆ ಗುಂಡು ಹಾರಿಸಬೇಕಾದ ಫಿರಂಗಿ ದಳಕ್ಕೆ ಆ ದಿಬ್ಬ ಕಡಿದಾಗಿದೆಯೆಂದು ತಿಳಿದರೆ ಸಾಲದು, ಅದರ ಎತ್ತರ ಎಷ್ಟೆಂಬುದು ಅಂಕೆಯಲ್ಲಿ ಬೇಕು. ಆದುದರಿಂದ ನಕ್ಷೆಗಳನ್ನು ಹೊಸದಾಗಿ ರಚಿಸಬೇಕಾಯಿತು. ಅದೂ ಶತ್ರುವಿನ ವಶದಲ್ಲಿದ್ದ, ಕಾಲಿಡಲಾಗದ ನೆಲದ ನಕ್ಷೆಗಳನ್ನು.

ಅಮೆರಿಕದಲ್ಲಿ ಈ ಹೊಣೆ ಹೊತ್ತ ಆರ್ಮಿ ಮ್ಯಾಪ್ ಸರ್ವಿಸ್ 1942ರಲ್ಲಿ ರೂಪುಗೊಂಡಿತು. ತರುಣರು ರಣರಂಗಕ್ಕೆ ತೆರಳಿದ್ದರಾಗಿ ಕೆಲಸಕ್ಕೆ ಕೈಗಳು ಸಾಲದಾದವು. ಆಗ ಷಿಕಾಗೋ ವಿಶ್ವವಿದ್ಯಾನಿಲಯದ ಭೂಗೋಳಶಾಸ್ತ್ರದ ಪ್ರಾಧ್ಯಾಪಿಕೆ ಈಡಿತ್ ಪಾರ್ಕರ್ ಅವರು ಸೇನಾ ನಕ್ಷಾರಚನೆಯ ಪಾಠಕ್ರಮವೊಂದನ್ನು ಸಿದ್ಧಪಡಿಸಿಕೊಟ್ಟರು. ಒಹಾಯೋದ ಕೆಂಟ್ ಸ್ಟೇಟ್ ಮೊದಲಾದ ವಿದ್ಯಾಸಂಸ್ಥೆಗಳಲ್ಲಿ ಅದನ್ನು ಕಲಿತ ತರುಣಿಯರು ವಾಷಿಂಗ್‌ಟನ್ನಿನ ಬಳಿಯ ಕಾರ್ಯಾಲಯವನ್ನು ಸೇರಿದರು. ‘ಮಿಲಿಟರಿ ಮ್ಯಾಪಿಂಗ್ ಮೇಡನ್ಸ್’ ಎಂದು ಖ್ಯಾತರಾದವರು ಇವರೇ. ಇವರನ್ನು ಸಮವಸ್ತ್ರದ ಸೈನಿಕರೆಂದು ತಿಳಿಯುವುದೂ ತಪ್ಪು; ಇವರು ನಾಗರಿಕ ನೌಕರರು.

ಪ್ರತಿ ಎತ್ತುವ ಕೆಲಸವೇ ಇವರದೆಂಬ ಮಾತನ್ನು ಈಗ ಪರೀಕ್ಷಿಸೋಣ. ಕಾರ್ಯಾಲಯದಲ್ಲಿ ಮಲ್ಟಿಪ್ಲೆಕ್ಸ್ ಎಂಬ ಯಂತ್ರವಿತ್ತು. ಒಂದೇ ಪ್ರದೇಶವನ್ನು ಎರಡು ನೆಲೆಗಳಿಂದ ತೆಗೆದ ವೈಮಾನಿಕ ಛಾಯಾಚಿತ್ರಗಳಲ್ಲಿ ಒಂದನ್ನು ಕೆಂಪು ಬೆಳಕಿನಿಂದಲೂ ಇನ್ನೊಂದನ್ನು ಹಸಿರುಮಿಶ್ರಿತ ನೀಲಿ ಬೆಳಕಿನಿಂದಲೂ ಮೇಜಿನ ಮೇಲೆ ಬೀಳಿಸಿ, ಅದೇ ಎರಡು ಬಣ್ಣಗಳ ಗಾಜುಳ್ಳ ಕನ್ನಡಕದಿಂದ ಕತ್ತಲ ಕೋಣೆಯಲ್ಲಿ ನೋಡಿದರೆ, ಬೆಟ್ಟಕಣಿವೆಗಳು ಉಬ್ಬುತಗ್ಗುಗಳಾಗಿ ಎದ್ದು ಕಾಣುತ್ತಿದ್ದುವು. ಪುಟ್ಟ ಬಿಳಿಯ ತಟ್ಟೆಯೊಂದರ ನಡುವೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ. ತಟ್ಟೆಯನ್ನು ಒಂದು ನಿಯತ ಎತ್ತರದಲ್ಲಿ ನಿಲ್ಲಿಸಿಕೊಂಡು, ಆ ಚುಕ್ಕೆ ನೆಲದಿಂದ ಮೇಲೇಳದಂತೆ, ನೆಲದೊಳಕ್ಕೆ ಮುಳುಗದಂತೆ, ಬೆಟ್ಟದ ಸುತ್ತ ಮೆಲ್ಲನೆ ಜಾರಿಸುತ್ತ ಹೋದರೆ ಕೆಳಗಿನ ಸೀಸದ ಮೊನೆ ಕಾಗದದ ಮೇಲೆ ಸಮೋನ್ನತ ರೇಖೆಯನ್ನು ಎಳೆಯುತ್ತಿತ್ತು. ದಟ್ಟವಾದ ಕಾಡಿನಲ್ಲಿ ಕಾಣುವುದು ಮರಗಳ ನೆತ್ತಿಯೇ ಹೊರತು ನೆಲವಲ್ಲ. ಕಡಿದಾದ ಬೆಟ್ಟದ ನೆರಳು ಹಳ್ಳವನ್ನೇ ಮರೆಮಾಡಬಲ್ಲುದು. ಅಂಥಲ್ಲಿ ನೆಲ ಎಲ್ಲಿದೆಯೆಂದು ನಿರ್ಣಯಿಸಬೇಕಾದುದು ಯಂತ್ರವಲ್ಲ, ಅದರ ಮುಂದೆ ಕುಳಿತವಳ ಕಣ್ಣು ಮತ್ತು ಭೂಗೋಳಜ್ಞಾನ. ಇಂತಹ ನಿರ್ಣಯವನ್ನು ನಕಲು ಎಂದು ಕರೆಯುವುದು ನನಗಂತೂ ಸಾಧ್ಯವಿಲ್ಲ. ನಾರ್ಮಂಡಿಯ ದಂಡಯಾತ್ರೆಯೊಂದಕ್ಕೇ ಈ ಸಂಸ್ಥೆ ಸುಮಾರು 3,000 ಬಗೆಯ ನಕ್ಷೆಗಳ ಏಳು ಕೋಟಿ ಪ್ರತಿಗಳನ್ನು ಒದಗಿಸಿತು.

ಸ್ತ್ರೀಯರು ದುಡಿದುದೇನೋ ನಿಜ, ಆದರೆ ಪುರುಷರ ಅಪ್ಪಣೆಯಂತೆ ಮಾತ್ರ ಎನ್ನುವವರಿಗೆ ಇಂಗ್ಲೆಂಡಿನ ನಿದರ್ಶನವೇ ಉತ್ತರ. ನಕ್ಷಾರಚನೆಗೆ ಒಡಹುಟ್ಟಿದ ವಿದ್ಯೆ ಛಾಯಾಚಿತ್ರಗಳ ಅರ್ಥಗ್ರಹಣ. ಅದರ ಕೇಂದ್ರ ಥೇಮ್ಸ್ ನದಿಯ ಬಳಿಯ ಮೆಡ್‌ಮೆನ್‌ಹ್ಯಾಮ್. ಅಲ್ಲಿ ಶತ್ರುವಿಮಾನಗಳನ್ನು ಗುರುತಿಸುವ ವಿಭಾಗದ ಮುಖ್ಯಸ್ಥೆಯಾಗಿದ್ದವರು ವಾಯುದಳದ ಸ್ತ್ರೀಶಾಖೆಯ ಅಧಿಕಾರಿ ಕಾನ್‌ಸ್ಟೆನ್ಸ್ ಬ್ಯಾಬಿಂಗ್‌ಟನ್ ಸ್ಮಿತ್. 1943ರ ನವೆಂಬರ್ 28ರಂದು ಜರ್ಮನರ ಶಸ್ತ್ರಪ್ರಯೋಗದ ನೆಲೆಯಾಗಿದ್ದ ಪೀನಮುಂಡೆಯ ಮೇಲಿನಿಂದ ತೆಗೆದ ಛಾಯಾಚಿತ್ರದಲ್ಲಿ, ಇಳಿಜಾರಾದ ಹಳಿಯೊಂದರ ಮೇಲೆ ನಿಂತಿದ್ದ, ರೆಕ್ಕೆಯ ಅಗಲ ಸುಮಾರು 20 ಅಡಿಯಷ್ಟೇ ಇದ್ದ ಕಿರುವಿಮಾನವನ್ನು ಆಕೆ ಗುರುತಿಸಿದರು. ಉತ್ತರ ಫ್ರಾನ್ಸಿನಲ್ಲಿ ಜರ್ಮನರು ಕಟ್ಟುತ್ತಿದ್ದ ನಿಗೂಢ ನೆಲೆಗಳ ಉದ್ದೇಶವೇನೆಂಬುದು ಅದರಿಂದ ಬಯಲಾಯಿತು: ಆ ಕಿರುವಿಮಾನ ಚಾಲಕನಿಲ್ಲದೆ ಹಾರುವ ವಿ-1 ಬಾಂಬು, ಆ ನೆಲೆಗಳು ಅದನ್ನು ಹಾರಿಸಲೆಂದು ಕಟ್ಟುತ್ತಿದ್ದುವು. ಲಂಡನ್ನಿನ ಮೇಲೆ ಅದರ ದಾಳಿ ಆರಂಭವಾದುದು 1944ರ ಜೂನ್‌ನಲ್ಲಿ. ಅಷ್ಟರೊಳಗೆ ಆ ನೆಲೆಗಳಲ್ಲಿ ಬಹುಪಾಲು ಬಾಂಬುಗಳಿಗೆ ತುತ್ತಾಗಿದ್ದುವು.

ಇದೆಲ್ಲ ಎರಡನೆಯ ಮಹಾಯುದ್ಧದಲ್ಲೇ ಹುಟ್ಟಿ ಅಲ್ಲೇ ಮುಗಿದ ವಿಶೇಷವೆಂಬುದೂ ಸರಿಯಲ್ಲ. ಮೊದಲನೆಯ ಯುದ್ಧದ ಅಂತ್ಯಭಾಗದಲ್ಲಿಯೇ ಬ್ರಿಟನ್ನಿನ ಆರ್ಡ್‌ನೆನ್ಸ್ ಸರ್ವೆ ಫ್ರಾನ್ಸಿನ ವಾರ್ದ್ರೆಕ್ ಎಂಬಲ್ಲಿ ಸ್ಥಾಪಿಸಿದ್ದ ಶಾಖೆಯಲ್ಲಿ ಸ್ತ್ರೀಯರು ನಕ್ಷಾಕಾರ್ಯದಲ್ಲಿ ತೊಡಗಿದ್ದರು. ಶಾಂತಿ ಬಂದ ಮೇಲೆ ಅಮೆರಿಕದ ತರುಣಿಯರಲ್ಲಿ ಅನೇಕರು ಮನೆಗೆ ಮರಳಿದರು, ನಿಜ. ಆದರೆ ಅದೇ ಆರ್ಮಿ ಮ್ಯಾಪ್ ಸರ್ವಿಸ್ಸಿಗೆ 1952ರಲ್ಲಿ, ಹಿಟ್ಲರನ ಹಿಂಸೆಗೆ ಸಿಕ್ಕ ವಿಯೆನ್ನಾವನ್ನು ತೊರೆದು ಬಂದಿದ್ದ ಗಣಿತಜ್ಞೆ ಐರೀನ್ ಫಿಷರ್ ಸೇರಿ, 1977ರಲ್ಲಿ ನಿವೃತ್ತಿ ಹೊಂದುವವರೆಗೂ ಭೂಮಿಯ ಆಕಾರ ಪರಿಮಾಣಗಳನ್ನು ಗಣಿಸುತ್ತಲೇ ಇದ್ದರು. ಮನುಷ್ಯನನ್ನು ಅಂತರಿಕ್ಷಕ್ಕೆ ಕಳುಹಿಸಿದ ಮರ್ಕ್ಯುರಿ ಯೋಜನೆಗೆ ಅಮೆರಿಕ ಭೂಮಾಪನದ ಆಧಾರವಾಗಿ ಇಟ್ಟುಕೊಂಡುದು ಆಕೆಯ ಗಣನೆಯನ್ನೇ.