ತಂದೆಯ ರಕ್ತ, ಮಗುವಿನ ಹೃದಯ

1954ರ ಮಾರ್ಚ್ 26. ಅಮೆರಿಕದ ಮಿನಿಯಾಪೊಲಿಸ್ ನಗರದ ವಿಶ್ವವಿದ್ಯಾನಿಲಯದ ಆಸ್ಪತ್ರೆ. ಒಂದು ಮೇಜಿನ ಮೇಲೆ ಹದಿಮೂರು ತಿಂಗಳ ಕೂಸು. ಪಕ್ಕದ ಮೇಜಿನ ಮೇಲೆ ಅದರ ತಂದೆ. ಇಬ್ಬರ ರಕ್ತನಾಳಗಳನ್ನೂ ನಳಿಕೆಗಳಿಂದ ಜೋಡಿಸಿ, ನಡುವೆ ಸಣ್ಣದೊಂದು ಪಂಪನ್ನು ಇಟ್ಟಿದ್ದರು. ಕೂಸಿನ ಹೃದಯದಲ್ಲಿ ಹುಟ್ಟಿನಿಂದಲೇ ಇದ್ದ ರಂಧ್ರವನ್ನು ಶಸ್ತ್ರವೈದ್ಯ ವಾಲ್ಟನ್ ಲಿಲ್ಲೆಹೈ ಹೊಲಿದು ಮುಗಿಸುವವರೆಗೆ ತಂದೆಯ ಹೃದಯ, ಶ್ವಾಸಕೋಶಗಳು ಇಬ್ಬರಿಗಾಗಿಯೂ ದುಡಿದವು.

ಒಂದು ಶಸ್ತ್ರಚಿಕಿತ್ಸೆಯಲ್ಲಿ ಎರಡು ಪ್ರಾಣಗಳು ಹೋಗಬಹುದಾದ ಸಾಹಸವಿದು ಎಂದು ಸಹವೈದ್ಯರೇ ಹೆದರಿದ್ದರು. ಹೊಲಿಗೆ ನಿಂತಿತು, ಆದರೆ ಹನ್ನೊಂದು ದಿನಗಳ ಮೇಲೆ ಕೂಸು ನ್ಯುಮೋನಿಯದಿಂದ ತೀರಿಕೊಂಡಿತು. ಲಿಲ್ಲೆಹೈ ನಿಲ್ಲಿಸಲಿಲ್ಲ. ಹೀಗೆ ಚಿಕಿತ್ಸೆ ಪಡೆದ 45 ಮಂದಿಯಲ್ಲಿ 28 ಮಂದಿ ಬದುಕಿ ಮನೆಗೆ ಹೋದರು. ಇದಕ್ಕೆ ಒಂದು ವರ್ಷ ಮೊದಲೇ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದಿಂದ ಒಬ್ಬ ತರುಣಿಯನ್ನು ಉಳಿಸಿದ್ದನು. ಅನಂತರದ ರೋಗಿಗಳು ಉಳಿಯದಿದ್ದಾಗ ಮನನೊಂದು ಆ ಕೆಲಸವನ್ನೇ ಕೈಬಿಟ್ಟನು. ಮುಂದೆ ಜಗತ್ತು ಹಿಡಿದದ್ದು ಯಂತ್ರದ ದಾರಿಯನ್ನೇ ಎಂಬುದು ಬೇರೆ ಮಾತು.

ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯಂಥ ಊರಿನಲ್ಲಿ ಇಂದು ಯಾರಿಗಾದರೂ ಎದೆನೋವು ಬಂದರೆ ಮನೆಯವರು ಮೊದಲು ದಾವಣಗೆರೆಗೆ ಓಡುತ್ತಾರೆ. ಅಲ್ಲಿ ಆಗದಿದ್ದರೆ ಬೆಂಗಳೂರಿನ 'ಜಯದೇವ'ಕ್ಕೆ. ದಾವಣಗೆರೆಯಲ್ಲಿ 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಬೆಂಗಳೂರಿನ ಹೃದ್ರೋಗ ಸಂಸ್ಥೆ ಎರಡೂ ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳ ಹೆಸರನ್ನೇ ಹೊತ್ತಿರುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಗಮನಿಸಿದ್ದಾರೋ! ಲಿಲ್ಲೆಹೈನ ಕಾಲಕ್ಕೆ ಪವಾಡವಾಗಿದ್ದ ಹೊಲಿಗೆ ಈಗ ಬೆಂಗಳೂರಿನಲ್ಲಿ ದಿನನಿತ್ಯದ ಕೆಲಸ.

ಆದರೆ ಸೂಜಿದಾರಕ್ಕೆ ಸಿಕ್ಕದ ದೋಷವೂ ಒಂದುಂಟು. ಮನುಷ್ಯನ ಜೀವಕೋಶದಲ್ಲಿ ಅಡಗಿರುವ ಸುಮಾರು 300 ಕೋಟಿ ಅಕ್ಷರಗಳ ವಂಶಲಿಪಿಯನ್ನು ಓದುವ ಮಹೋದ್ಯಮ 1990ರಲ್ಲಿ ತೊಡಗಿತು. 2000ದ ಜೂನ್ 26ರಂದು ಫ್ರಾನ್ಸಿಸ್ ಕಾಲಿನ್ಸ್, ಕ್ರೇಗ್ ವೆಂಟರ್ ಇಬ್ಬರೂ ಅದರ ಮೊದಲ ಕರಡನ್ನು ಪ್ರಕಟಿಸಿದರು. ಪೈಪೋಟಿಗೆ ನಿಂತವರು ಒಂದೇ ವೇದಿಕೆಯಲ್ಲಿ ಕೈಕುಲುಕಿದ ದಿನವದು. ಹೈದರಾಬಾದಿನ ಜೀವಕೋಶ ಸಂಶೋಧನ ಕೇಂದ್ರದ ಕುಮಾರಸ್ವಾಮಿ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಒಂದು ವಿಷಯವನ್ನು ಹೊರಗೆಡಹಿದರು. ಹೃದಯದ ಸ್ನಾಯುವನ್ನು ಕಟ್ಟುವ ಒಂದು ಪ್ರೋಟೀನಿನ ವಂಶವಾಹಿಯಲ್ಲಿ, ಕೇವಲ 25 ಅಕ್ಷರಗಳು, ಭಾರತ ಉಪಖಂಡದ ನೂರು ಜನರಲ್ಲಿ ಸುಮಾರು ನಾಲ್ವರಿಗೆ ಇರುವುದೇ ಇಲ್ಲ. ಈ ಕೊರತೆಯಿದ್ದವರಲ್ಲಿ ಹೃದಯವೈಫಲ್ಯದ ಸಂಭವ ಹಲವು ಪಟ್ಟು ಹೆಚ್ಚು. ಆ ಪ್ರಬಂಧದ ಮೊದಲ ಲೇಖಕರಾದ ದಂಡಪಾಣಿಯವರು ಅನಂತರ ಬೆಂಗಳೂರಿನ 'ಇನ್‌ಸ್ಟೆಮ್' ಸಂಸ್ಥೆಯಲ್ಲಿ ಹೃದಯಸ್ನಾಯುವಿನ ಅಧ್ಯಯನವನ್ನು ಮುಂದುವರಿಸಿದ್ದಾರೆ.

ಸಾವಿರಾರು ವರ್ಷಗಳಿಂದ ಈ ದೋಷ ನಮ್ಮಲ್ಲಿ ಅಳಿಯದೆ ಉಳಿದುದೇಕೆ? ಅದು ಕೇಡು ತೋರುವುದು ಸಾಮಾನ್ಯವಾಗಿ ನಡುವಯಸ್ಸು ದಾಟಿದ ಮೇಲೆ. ಅಷ್ಟರಲ್ಲಿ ಮಕ್ಕಳಾಗಿ, ಕೊರತೆಯೂ ಅವರಿಗೆ ದಾಟಿರುತ್ತದೆ. ಮಿನಿಯಾಪೊಲಿಸ್ಸಿನ ತಂದೆ ತನ್ನ ರಕ್ತವನ್ನು ಅರಿತೇ ಕೊಟ್ಟನು. ನಮ್ಮ ತಂದೆಯರು ಇದನ್ನು ಅರಿಯದೆ ಕೊಡುತ್ತಾರೆ. ಕೊರತೆಯಿದ್ದವರೆಲ್ಲ ರೋಗಿಗಳಾಗುವುದಿಲ್ಲ, ಬೇರೆ ವಂಶವಾಹಿಗಳ ವ್ಯತ್ಯಾಸವೂ ಸೇರಬೇಕಾಗುತ್ತದೆಂದು ಮುಂದಿನ ಸಂಶೋಧನೆಗಳು ಸೂಚಿಸಿವೆ. ಆದ್ದರಿಂದ ಇದನ್ನು ಹಣೆಬರಹವೆನ್ನುವುದು ತಪ್ಪು.

ಮನೆಯಲ್ಲಿ ಒಬ್ಬರಿಗೆ ಹೃದಯಸ್ನಾಯುವಿನ ರೋಗವಿದೆಯೆಂದು ತಿಳಿದರೆ, ಮಕ್ಕಳಿಗೆ ಎಕೋ ಪರೀಕ್ಷೆ ಮಾಡಿಸುವುದು ವೈದ್ಯರ ಸಲಹೆ. ಎದೆಯ ಮೇಲೆ ಒಂದು ಸಾಧನವನ್ನು ಆಡಿಸಿ ನೋಡುವುದಷ್ಟೆ, ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಆದರೂ ಸುದ್ದಿ ಹೊರಬಿದ್ದರೆ ಮಗಳಿಗೆ ಸಂಬಂಧ ಕೂಡಿಬಾರದೆಂದು ಮುಚ್ಚಿಡುವ ತಂದೆತಾಯಿಗಳು ನಮ್ಮ ಸೀಮೆಯಲ್ಲಿ ಕಡಮೆಯಿಲ್ಲ. ಒಬ್ಬ ತಂದೆಯ ಒಂದು ಪ್ರತಿಯಲ್ಲಿರುವ ಕೊರತೆ ಮಗುವಿಗೆ ದಾಟುವ ಸಂಭವ ಅರ್ಧಕ್ಕರ್ಧ. ಮಗಳಿಗೆ ಅದು ದಾಟದೆಯೇ ಇರುವ ಸಂಭವವೂ ಅಷ್ಟೇ ಇದೆಯೆಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.